ಲೋಸಾನ್‌ನ ಕ್ರೀಡಾ ನ್ಯಾಯಮಂಡಳಿ: ಹಾಸನದ ಓಟಗಾರ್ತಿಗೆ ಎಷ್ಟು ಉಪಯೋಗ?

ಹಾಸನದ ಕ್ರೀಡಾಂಗಣದಲ್ಲಿ ಬೆಳಗಿನ ಜಾವ ಓಡುವ ಹುಡುಗಿ ದೊಡ್ಡ ಕೂಟಕ್ಕೆ ಆಯ್ಕೆಯಾದ ದಿನ ಒಂದಷ್ಟು ಕಾಗದಗಳಿಗೆ ಸಹಿ ಹಾಕುತ್ತಾಳೆ. ಆ ಕಾಗದಗಳ ಹಿಂದಿನ ನಿಯಮಾವಳಿಗಳನ್ನು ಒಂದೊಂದಾಗಿ ಹಿಡಿದು ಹೋದರೆ ಕೊನೆಗೆ ತಲುಪುವ ಊರು ಸ್ವಿಟ್ಜರ್‌ಲೆಂಡಿನ ಲೋಸಾನ್. ಅಲ್ಲಿ 1984ರಲ್ಲಿ ಶುರುವಾದ ಕ್ರೀಡಾ ಮಧ್ಯಸ್ಥಿಕೆ ನ್ಯಾಯಮಂಡಳಿಯನ್ನು ಆಟದ ವಲಯದಲ್ಲಿ ಎಲ್ಲರೂ 'ಕಾಸ್' ಅನ್ನುತ್ತಾರೆ. 2022ರಿಂದ ಅದರ ಕಚೇರಿ ಪ್ಯಾಲೆ ದ ಬೋಲ್ಯೂ ಕಟ್ಟಡದಲ್ಲಿದೆ. ಇದನ್ನು ನ್ಯಾಯಾಂಗದ ಚರ್ಚೆಯಾಗಿ ನೋಡುವ ಬದಲು, ಶುಲ್ಕ ಕಟ್ಟಿ ಪಡೆಯುವ ಸೇವೆಯಾಗಿ ತೂಗಿ ನೋಡೋಣ. ಹಾಸನ, ಚಿಕ್ಕಮಗಳೂರು ಕಡೆಯ ಆಟಗಾರರು, ಅವರ ತಂದೆತಾಯಿ, ತರಬೇತುದಾರರಿಗೆ ಇದು ಎಷ್ಟು ದಕ್ಕುತ್ತದೆ ಎಂಬುದು ಪ್ರಶ್ನೆ.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇವೆ. ಕಾಸ್ ಚುರುಕಾಗಿದೆ, ಕ್ರಮಬದ್ಧವಾಗಿದೆ. ಸಾಮಾನ್ಯ ಶಿಸ್ತಿನ ಪ್ರಕರಣದಲ್ಲಿ ಒಬ್ಬಂಟಿ ಆಟಗಾರನಿಗೂ ನ್ಯಾಯ ಕೊಡಬಲ್ಲದು. ಆದರೆ ತಕರಾರು ನಿಯಮದ ಮೇಲೆಯೇ ಇದ್ದರೆ, ಬೆನ್ನ ಹಿಂದೆ ಯುರೋಪಿಯನ್ ಒಕ್ಕೂಟದಂಥ ದೊಡ್ಡ ಮಾರುಕಟ್ಟೆಯ ರಾಜಕೀಯ ಕೂಟ ಇರುವವರಿಗೆ ಕಾಸ್‌ನ ಆಚೆಗೂ ಒಂದು ಬಾಗಿಲಿದೆ. ನಮ್ಮ ಮಕ್ಕಳಿಗೆ ಅದು ಅರ್ಧ ಮುಚ್ಚಿದೆ.

ಈ ಮಾತು ಮಲೆನಾಡಿನವರಿಗೆ ಹೊಸದಲ್ಲ. ಸಕಲೇಶಪುರದ, ಮೂಡಿಗೆರೆಯ ಕಾಫಿ ಬೆಳೆಗಾರರು ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮವನ್ನು ಬಲ್ಲರು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಒಕ್ಕೂಟದ ಮಾರುಕಟ್ಟೆಗೆ ಬಿಡುವುದಿಲ್ಲ. ಬೆಳೆದ ಜಾಗದ ಅಕ್ಷಾಂಶ, ರೇಖಾಂಶ ಕೊಡಬೇಕು. ತಾಕು ನಾಲ್ಕು ಹೆಕ್ಟೇರ್ ಮೀರಿದರೆ ಒಂದು ಬಿಂದು ಸಾಲದು, ಗಡಿಯ ಸುತ್ತ ಪೂರಾ ಗೆರೆ ಎಳೆದು ತೋರಿಸಬೇಕು. ಬೆಳೆಗಾರ ಸಿಲ್ವರ್ ಓಕ್ ನೆರಳಿನಲ್ಲಿ ಮೊಬೈಲ್ ಹಿಡಿದು, ಉಪಗ್ರಹದ ಸಿಗ್ನಲ್ ಸಿಗುವ ತನಕ ಬೇಲಿಯ ಮೂಲೆಯಲ್ಲಿ ನಿಂತಿರುತ್ತಾನೆ. ಜಾರಿಯ ದಿನ ಎರಡು ಸಲ ಮುಂದೆ ಹೋಗಿದ್ದರೂ ಕೆಲಸ ನಿಂತಿಲ್ಲ, ಯಾಕೆಂದರೆ ನಮ್ಮ ಕಾಫಿಗೆ ಇಟಲಿ, ಜರ್ಮನಿ ದೊಡ್ಡ ಗಿರಾಕಿಗಳು. ಕಾಡು ಉಳಿಸುವುದು ಒಳ್ಳೆಯ ಮೌಲ್ಯವೇ. ಆದರೆ ಅದನ್ನು ಇಲ್ಲಿನ ಬೇಲಿಯ ತನಕ ತಂದದ್ದು ಕೊಳ್ಳುವವರ ಬಲ. ಆಟದ ಆಡಳಿತದಲ್ಲಿ ನಡೆಯುತ್ತಿರುವುದೂ ಇದೇ.

ಮೊದಲು ಸೇವೆಯನ್ನು ಬಳಸುವ ಬಗೆ. ನಿಮ್ಮ ಆಟವನ್ನು ಜಗತ್ತಿನ ಮಟ್ಟದಲ್ಲಿ ನಡೆಸುವ ಅಂತರರಾಷ್ಟ್ರೀಯ ಫೆಡರೇಷನ್ ನಿಮ್ಮ ವಿರುದ್ಧ ಆದೇಶ ಕೊಟ್ಟಿತು ಎಂದಿಟ್ಟುಕೊಳ್ಳಿ. ಫೆಡರೇಷನ್ನಿನ ನಿಯಮದಲ್ಲಿ ಬೇರೆ ವಾಯಿದೆ ಬರೆದಿಲ್ಲವಾದರೆ ಮೇಲ್ಮನವಿಗೆ 21 ದಿನ. ಆದೇಶ ಕೈಸೇರಿದ ಮರುದಿನದಿಂದ ಎಣಿಕೆ, ನಡುವಿನ ಭಾನುವಾರ, ಹಬ್ಬದ ರಜೆ ಎಲ್ಲವೂ ಲೆಕ್ಕಕ್ಕೆ. ಕೊನೆಯ ದಿನವೇ ರಜೆಯಾಗಿದ್ದರೆ ಮಾತ್ರ ಮುಂದಿನ ಕೆಲಸದ ದಿನದ ತನಕ ಸಮಯ. ಮಧ್ಯರಾತ್ರಿ ಎಂದರೆ ಲೋಸಾನ್‌ನ ಮಧ್ಯರಾತ್ರಿಯಲ್ಲ, ಅರ್ಜಿದಾರರ ಊರಿನದು, ವಕೀಲರಿದ್ದರೆ ವಕೀಲರ ಊರಿನದು. ಯುರೋಪಿನ ಗಡಿಯಾರ ಮೂರೂವರೆ ನಾಲ್ಕೂವರೆ ಗಂಟೆ ಹಿಂದಿದೆ ಎಂದು ನಂಬಿ ಕೂತರೆ ಅರ್ಜಿ ತಡವಾಗುತ್ತದೆ.

ಮೊದಲ ಅರ್ಜಿಯಲ್ಲಿ ಎದುರುದಾರರ ಹೆಸರು, ವಿಳಾಸ, ಆದೇಶದ ನಕಲು, ಏನು ಪರಿಹಾರ ಬೇಕು ಎಂಬ ಕೋರಿಕೆ, ಕಾಸ್‌ಗೆ ಮೇಲ್ಮನವಿ ಹೋಗಬಹುದು ಎಂದು ಹೇಳುವ ನಿಯಮದ ಪ್ರತಿ, ತೀರ್ಪು ಕೊಡುವ ಮಧ್ಯಸ್ಥಗಾರರ ಪಟ್ಟಿಯಿಂದ ನೀವು ಆರಿಸಿದ ಒಂದು ಹೆಸರು ಇರಬೇಕು. ಜೊತೆಗೆ 1,000 ಸ್ವಿಸ್ ಫ್ರಾಂಕ್ ಶುಲ್ಕ. ರೂಪಾಯಿಯಲ್ಲಿ ಒಂದು ಲಕ್ಷ ಮೀರುತ್ತದೆ, ಗೆದ್ದರೂ ಸೋತರೂ ಕಚೇರಿ ಅದನ್ನು ವಾಪಸ್ ಕೊಡುವುದಿಲ್ಲ. ಇಮೇಲ್‌ನಲ್ಲಿ ಕಳಿಸಿದ ಮಾತ್ರಕ್ಕೆ ಅರ್ಜಿ ಸಲ್ಲಿಕೆಯಾಗದು. ಮರು ಕೆಲಸದ ದಿನದೊಳಗೆ ಕೊರಿಯರ್ ಮಾಡಬೇಕು, ಇಲ್ಲವೇ ಅವರ ಆನ್‌ಲೈನ್ ವ್ಯವಸ್ಥೆಗೆ ಏರಿಸಬೇಕು. ಮೇಲ್ಮನವಿಯ ವಾಯಿದೆ ಮುಗಿದ 10 ದಿನದೊಳಗೆ ಪೂರ್ಣ ವಾದಪತ್ರ, ಸಾಕ್ಷಿಗಳ ಹೇಳಿಕೆ, ದಾಖಲೆ ಸಲ್ಲಿಸಬೇಕು. ಈ ಎರಡನೇ ವಾಯಿದೆಯನ್ನು ಮರೆತವರ ಮೇಲ್ಮನವಿ ಹಿಂಪಡೆದಂತೆ ಎಂದು ಎಣಿಸಿಬಿಡುತ್ತಾರೆ. ಅರ್ಜಿ ಹಾಕಿದ ಮಾತ್ರಕ್ಕೆ ನಿಷೇಧವೂ ತಡೆಯಾಗುವುದಿಲ್ಲ. ತಡೆಯಾಜ್ಞೆ ಬೇಕಿದ್ದರೆ ಬೇರೆಯಾಗಿ ಕೇಳಿ ಮೂರು ವಿಷಯ ತೋರಿಸಬೇಕು: ತಡೆ ಸಿಗದಿದ್ದರೆ ಸರಿಪಡಿಸಲಾಗದ ಹಾನಿ, ಗೆಲ್ಲುವ ಸಾಧ್ಯತೆ, ಎದುರು ಪಕ್ಷಕ್ಕಿಂತ ನಿಮ್ಮ ನಷ್ಟ ಹೆಚ್ಚು ಎಂಬುದು. ಬರೀ 'ಮುಂದಿನ ಕೂಟ ತಪ್ಪುತ್ತದೆ' ಅಂದರೆ ಸಾಲದು. ಆ ಕೂಟ ಮತ್ತೆ ಬರುತ್ತದೆಯೇ, ಅರ್ಹತೆಯ ಗಡುವು ಯಾವತ್ತು ಎಂದು ಕಾಗದದಲ್ಲಿ ತೋರಿಸಬೇಕು.

ಖರ್ಚಿನ ವಿಷಯದಲ್ಲಿ ಕಾಸ್‌ಗೆ ಸಲ್ಲಬೇಕಾದ ಮೆಚ್ಚುಗೆ ಇದೆ. ಅಂತರರಾಷ್ಟ್ರೀಯ ಫೆಡರೇಷನ್ನಿನ ಶಿಸ್ತು ಕ್ರಮದ ಮೇಲ್ಮನವಿಯಲ್ಲಿ ಮಧ್ಯಸ್ಥಗಾರರ ಫೀಸನ್ನು ಕಾಸ್ ತಾನೇ ಹೊರುತ್ತದೆ. ಕೈಲಾಗದವರಿಗೆ ನೆರವಿನ ನಿಧಿ ಇದೆ, ಉಚಿತವಾಗಿ ವಾದಿಸುವ ವಕೀಲರ ಪಟ್ಟಿಯೂ ಇದೆ. ಈ ನೆರವನ್ನು ಕೇಳಿ ಪಡೆಯಬೇಕು, ಆದಾಯದ ದಾಖಲೆ ಕೊಡಬೇಕು. ಅದೇ ವರ್ಗಾವಣೆ, ಕರಾರು, ಹಣದ ವ್ಯಾಜ್ಯವಾದರೆ ಮುಂಗಡವನ್ನೂ ಪಕ್ಷಗಾರರೇ ಕಟ್ಟಬೇಕು. ಅಲ್ಲಿ ಸಣ್ಣ ಆಟಗಾರ ಮೊದಲ ಬಿಲ್ಲಿಗೇ ಸುಸ್ತಾಗುತ್ತಾನೆ.

ಭಾಷೆಯ ತೊಡಕು ಇನ್ನೊಂದು. ವಿಚಾರಣೆ ನಡೆಯುವುದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ. ನಿಮ್ಮ ತರಬೇತುದಾರರು ಕನ್ನಡದಲ್ಲೇ ಸಾಕ್ಷಿ ಹೇಳುವವರಾದರೆ ದುಭಾಷಿಯನ್ನು ನಿಮ್ಮ ಖರ್ಚಿನಲ್ಲೇ ತರಬೇಕು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಚೀನಾದ ಈಜುಗಾರ ಸುನ್ ಯಾಂಗ್ ಅವರ ಉದ್ದೀಪನ ಮದ್ದು ಪರೀಕ್ಷೆಯ ಪ್ರಕರಣದ ಬಹಿರಂಗ ವಿಚಾರಣೆ 2019ರ ನವೆಂಬರ್‌ನಲ್ಲಿ ಮೊಂತ್ರೋ ಊರಿನಲ್ಲಿ ನಡೆದಾಗ, ಅವರು ಹೇಳಿದ್ದು ಒಂದು, ಅನುವಾದವಾಗಿ ಕೇಳಿದ್ದು ಇನ್ನೊಂದು ಎಂಬಂತಾಗಿ ನಡುವೆಯೇ ಅನುವಾದಕರನ್ನು ಬದಲಿಸಬೇಕಾಯಿತು. 'ಮಾತ್ರೆ ತಗೊಂಡೆ' ಮತ್ತು 'ಮಾತ್ರೆ ಕೊಟ್ಟರು' ಎಂಬ ಎರಡು ವಾಕ್ಯಗಳ ನಡುವೆ ನಾಲ್ಕು ವರ್ಷದ ನಿಷೇಧ ನಿಂತಿರುತ್ತದೆ. ಅದೇ ಪ್ರಕರಣದ ಇನ್ನೊಂದು ಪಾಠ: ಪೀಠದ ಅಧ್ಯಕ್ಷರು ಚೀನಾದವರನ್ನು ಹೀಯಾಳಿಸಿದ ಹಳೆಯ ಟ್ವೀಟ್‌ಗಳು ಹೊರಬಂದು, 2020ರ ಡಿಸೆಂಬರ್‌ನಲ್ಲಿ ಸ್ವಿಸ್ ಸರ್ವೋಚ್ಚ ನ್ಯಾಯಾಲಯ ಆ ತೀರ್ಪನ್ನೇ ರದ್ದು ಮಾಡಿತು. ಮಧ್ಯಸ್ಥಗಾರರ ಮೇಲೆ ಆಕ್ಷೇಪವಿದ್ದರೆ ಕಾರಣ ಗೊತ್ತಾದ 7 ದಿನದೊಳಗೆ ಎತ್ತಬೇಕು. ಪೀಠ ರಚನೆಯಾದ ದಿನವೇ ಮೂವರ ಹೆಸರನ್ನೂ, ಅವರು ಹಿಂದೆ ಯಾವ ಫೆಡರೇಷನ್ನಿಗೆ ಕೆಲಸ ಮಾಡಿದ್ದಾರೆಂಬುದನ್ನೂ ಹುಡುಕಿ ನೋಡಿ.

ಭಾರತದ ಬಳಕೆದಾರರ ಅನುಭವ ಮಿಶ್ರ. ಒಡಿಶಾದ ದ್ಯುತಿ ಚಂದ್ ಅವರನ್ನು ದೇಹದಲ್ಲಿ ಟೆಸ್ಟೊಸ್ಟೆರಾನ್ ಹೆಚ್ಚಿದೆ ಎಂದು 2014ರಲ್ಲಿ ತಂಡದಿಂದ ಕೈಬಿಟ್ಟರು. ಅವರು ಕಾಸ್‌ಗೆ ಹೋದರು, ಕೆನಡಾದ ವಕೀಲರು ಫೀಸಿಲ್ಲದೆ ವಾದಿಸಿದರು. 2015ರ ಜುಲೈನಲ್ಲಿ ಕಾಸ್ ಆ ನಿಯಮವನ್ನೇ ಎರಡು ವರ್ಷ ಅಮಾನತಿನಲ್ಲಿಟ್ಟಿತು. ಕಾಸ್‌ನ ದೊಡ್ಡ ಗುಣ ಇದು: ಕೆಳಗಿನ ಆದೇಶದಲ್ಲಿ ತಪ್ಪಿದೆಯೇ ಎಂದಷ್ಟೇ ನೋಡದೆ ವಿಷಯವನ್ನೂ ಕಾನೂನನ್ನೂ ಮೊದಲಿನಿಂದ ವಿಚಾರಿಸುವ ಅಧಿಕಾರ ಅದಕ್ಕಿದೆ. ಪೈಲ್ವಾನ್ ನರಸಿಂಗ್ ಯಾದವ್‌ಗೆ ಇದೇ ಗುಣ ಮುಳುವಾಯಿತು. ದೇಶದ ಉದ್ದೀಪನ ಮದ್ದು ತಡೆ ಸಂಸ್ಥೆ 'ನಾಡಾ' ಅವರನ್ನು ಬಿಡುಗಡೆ ಮಾಡಿತ್ತು. ಜಾಗತಿಕ ಸಂಸ್ಥೆ 'ವಾಡಾ' ಕಾಸ್‌ಗೆ ಹೋಯಿತು. 2016ರ ರಿಯೊ ಕುಸ್ತಿಗೆ ಇಳಿಯುವ ಮುನ್ನವೇ ನಾಲ್ಕು ವರ್ಷದ ನಿಷೇಧ ಬಂತು. ಹಾಸನದ ಹುಡುಗರು ಇದನ್ನು ಗಮನಿಸಬೇಕು. ರಾಷ್ಟ್ರ ಮಟ್ಟದ ಆಟಗಾರ ಮದ್ದಿನ ಪ್ರಕರಣದಲ್ಲಿ ಮೇಲ್ಮನವಿ ಹಾಕಬೇಕಾದ್ದು ದೆಹಲಿಯ ಮೇಲ್ಮನವಿ ಸಮಿತಿಗೆ, ನೇರ ಕಾಸ್‌ಗೆ ಅಲ್ಲ. ಆದರೆ ಅಲ್ಲಿ ಗೆದ್ದರೂ ವಾಡಾ ನಿಮ್ಮನ್ನು ಲೋಸಾನ್‌ಗೆ ಎಳೆಯಬಹುದು. ಗೆದ್ದ ಮೇಲೂ ಕಡತ ಎಸೆಯಬೇಡಿ.

ವಿನೇಶ್ ಫೋಗಟ್ ಪ್ರಕರಣ ಎಲ್ಲರಿಗೂ ನೆನಪಿದೆ. 2024ರ ಆಗಸ್ಟ್ 7, ಪ್ಯಾರಿಸ್, 50 ಕಿಲೋ ವಿಭಾಗದ ಫೈನಲ್ ದಿನದ ತೂಕ, 100 ಗ್ರಾಂ ಹೆಚ್ಚು. ಒಲಿಂಪಿಕ್ಸ್ ನಡೆಯುವ ಊರಿನಲ್ಲಿ ಕಾಸ್ ತಾತ್ಕಾಲಿಕ ಪೀಠ ತೆರೆಯುತ್ತದೆ, ಶುಲ್ಕವಿಲ್ಲ, 24 ಗಂಟೆಯಲ್ಲಿ ತೀರ್ಪು ಎಂಬುದು ಗುರಿ. ಈ ಪ್ರಕರಣದಲ್ಲಿ ಗಡುವು ಮುಂದೆ ಮುಂದೆ ಹೋಗಿ ಆಗಸ್ಟ್ 14ಕ್ಕೆ ಅರ್ಜಿ ವಜಾ ಆಯಿತು. ಎರಡೂ ದಿನ ತೂಗಬೇಕು, ಎರಡನೇ ದಿನ ತಪ್ಪಿದರೆ ಮೊದಲ ದಿನದ ಗೆಲುವೂ ಅಳಿಸಿಹೋಗುತ್ತದೆ ಎಂದು ನಿಯಮವೇ ಹೇಳುತ್ತದೆ. ನಿಯಮ ಕಠೋರವಾದರೂ ಸ್ಪಷ್ಟವಾಗಿದ್ದರೆ ಕಾಸ್ ಸಾಮಾನ್ಯವಾಗಿ ಅದನ್ನು ತಿದ್ದಲು ಹೋಗುವುದಿಲ್ಲ. ಅಲ್ಲಿ ಮುಗಿಯುವ ದಾರಿ ಯಾರಿಗೆ ಮುಂದುವರಿಯುತ್ತದೆ ಎಂಬಲ್ಲೇ ರಾಜಕೀಯ ಕೂಟಗಳ ಮಾತು ಬರುವುದು.

ಕಾಸ್ ತೀರ್ಪಿನ ಮೇಲೆ ಸ್ವಿಸ್ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಗಲು 30 ದಿನವಿದೆ, ಆದರೆ ಕಾರಣಗಳು ಬೆರಳೆಣಿಕೆಯಷ್ಟು: ಪೀಠದ ರಚನೆಯಲ್ಲಿ ದೋಷ, ಅಧಿಕಾರವ್ಯಾಪ್ತಿಯ ತಪ್ಪು, ಅಹವಾಲು ಕೇಳದೆ ಹೋದದ್ದು, ಸಾರ್ವಜನಿಕ ನೀತಿಗೆ ವಿರುದ್ಧವಾದದ್ದು ಇಂಥವು. ಮುಂದೆ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕು ನ್ಯಾಯಾಲಯ. ಕಾಸ್ ಸ್ವಿಸ್ ನೆಲದಲ್ಲಿರುವುದರಿಂದ ಯುರೋಪಿನವರಲ್ಲದವರಿಗೂ ಈ ಬಾಗಿಲು ತೆರೆದಿದೆ. ದಕ್ಷಿಣ ಆಫ್ರಿಕಾದ ಓಟಗಾರ್ತಿ ಕಾಸ್ಟರ್ ಸೆಮೆನ್ಯಾ ಟೆಸ್ಟೊಸ್ಟೆರಾನ್ ನಿಯಮದ ವಿರುದ್ಧ ಹೋರಾಡಿ 2019ರಲ್ಲಿ ಕಾಸ್‌ನಲ್ಲಿ ಸೋತರು, 2020ರಲ್ಲಿ ಸ್ವಿಸ್ ನ್ಯಾಯಾಲಯದಲ್ಲಿ ಸೋತರು. 2025ರ ಜುಲೈ 10ರಂದು, ಸ್ವಿಸ್ ನ್ಯಾಯಾಲಯ ಆಕೆಯ ಅಹವಾಲನ್ನು ಸಾಕಷ್ಟು ಆಳವಾಗಿ ಪರಿಶೀಲಿಸಲಿಲ್ಲ ಎಂದು ಸ್ಟ್ರಾಸ್‌ಬರ್ಗ್‌ನ ದೊಡ್ಡ ಪೀಠ ಹೇಳಿತು. ಆರು ವರ್ಷ! 800 ಮೀಟರ್ ಓಟಗಾರ್ತಿಯ ಬಾಳಿನಲ್ಲಿ ಆರು ವರ್ಷ ಎಂದರೆ ಇಡೀ ವೃತ್ತಿ. ತೀರ್ಪು ಬಂತು, ಟ್ರ್ಯಾಕ್ ಸಿಗಲಿಲ್ಲ.

ಈಗ ಯುರೋಪಿಯನ್ ಒಕ್ಕೂಟದವರ ಬಾಗಿಲು ನೋಡಿ. ದಕ್ಷಿಣ ಕೊರಿಯಾದ ಕಂಪನಿಯೊಂದು ದುಬೈನಲ್ಲಿ ಐಸ್ ಸ್ಕೇಟಿಂಗ್ ಸ್ಪರ್ಧೆ ನಡೆಸಲು ಹೊರಟಿತು. ಮಂಜೂರಾತಿ ಇಲ್ಲದ ಸ್ಪರ್ಧೆಯಲ್ಲಿ ಆಡಿದವರಿಗೆ ಜೀವನಪೂರ್ತಿ ನಿಷೇಧದ ತನಕ ಶಿಕ್ಷೆ ಎಂದು ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮವಿತ್ತು. ನೆದರ್‌ಲೆಂಡ್ಸ್‌ನ ಇಬ್ಬರು ಸ್ಕೇಟರ್‌ಗಳು, ಮಾರ್ಕ್ ಟೌಟರ್ಟ್ ಮತ್ತು ನೀಲ್ಸ್ ಕರ್ಸ್ಟ್‌ಹೋಲ್ಟ್, ಕಾಸ್ ಕಡೆ ತಿರುಗಲಿಲ್ಲ. ಬ್ರಸೆಲ್ಸ್‌ನ ಯುರೋಪಿಯನ್ ಆಯೋಗಕ್ಕೆ ಸ್ಪರ್ಧಾ ಕಾನೂನಿನಡಿ (ಮಾರುಕಟ್ಟೆಯಲ್ಲಿ ಏಕಸ್ವಾಮ್ಯದ ದುರ್ಬಳಕೆ ತಡೆಯುವ ಕಾನೂನು) ದೂರು ಕೊಟ್ಟರು. ಆಯೋಗ 2017ರ ಡಿಸೆಂಬರ್‌ನಲ್ಲಿ ಅವರ ಪರ ಹೇಳಿತು. 2023ರ ಡಿಸೆಂಬರ್ 21ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಅದನ್ನು ಎತ್ತಿಹಿಡಿದು, ವ್ಯಾಜ್ಯವೆಲ್ಲ ಕಾಸ್‌ಗೇ ಬರಬೇಕೆಂಬ ಕಡ್ಡಾಯದಿಂದ ಆಟಗಾರರ ರಕ್ಷಣೆ ಇನ್ನಷ್ಟು ಕುಗ್ಗುತ್ತದೆ ಎಂದಿತು. ಸಂಘಟಕ ಕೊರಿಯಾದವ, ಸ್ಪರ್ಧೆ ದುಬೈನದು, ಫೆಡರೇಷನ್ ಸ್ವಿಸ್ ನೆಲದ್ದು. ಆದರೂ ಬ್ರಸೆಲ್ಸ್ ಕೈ ಹಾಕಿತು, ಏಕೆಂದರೆ ನಿಯಮದ ಪರಿಣಾಮ ಒಕ್ಕೂಟದ ಮಾರುಕಟ್ಟೆಯ ಮೇಲಾಗುತ್ತದೆ. 2025ರ ಆಗಸ್ಟ್ 1ರಂದು ಬೆಲ್ಜಿಯಂನ ಸೆರಾಂಗ್ ಫುಟ್‌ಬಾಲ್ ಕ್ಲಬ್ಬಿನ ಪ್ರಕರಣದಲ್ಲಿ ಅದೇ ನ್ಯಾಯಾಲಯ ಇನ್ನೂ ಮುಂದೆ ಹೋಯಿತು: ಕಾಸ್ ತೀರ್ಪು ಒಕ್ಕೂಟದ ಮೂಲ ಕಾನೂನಿಗೆ ಹೊಂದುತ್ತದೆಯೇ ಎಂದು ಸದಸ್ಯ ದೇಶಗಳ ನ್ಯಾಯಾಲಯಗಳು ಪರಿಶೀಲಿಸುವಂತಿರಬೇಕು. ಸೇವೆ ಒಂದೇ, ಶುಲ್ಕ ಒಂದೇ, ಆದರೆ ಬೆಲ್ಜಿಯಂನ ಕ್ಲಬ್ಬಿಗೆ ಮನೆಯ ಹತ್ತಿರ ಇನ್ನೊಂದು ಕೋರ್ಟು.

ಒಕ್ಕೂಟ ಮೌಲ್ಯದ ಮಾತನ್ನೂ ಆಡುತ್ತದೆ. ಅದರ ಒಪ್ಪಂದದ 165ನೇ ವಿಧಿಯಲ್ಲಿ ಸ್ಪರ್ಧೆ ನ್ಯಾಯವಾಗಿರಬೇಕು, ಎಲ್ಲರಿಗೂ ತೆರೆದಿರಬೇಕು ಎಂದಿದೆ. ಆದರೆ ಈ ಮೌಲ್ಯಕ್ಕೆ ಎರಡು ಅಂಚು. ಶ್ರೀಮಂತ ಫುಟ್‌ಬಾಲ್ ಕ್ಲಬ್ಬುಗಳು ತಮ್ಮದೇ ಸೂಪರ್ ಲೀಗ್ ಕಟ್ಟಲು ಹೊರಟಾಗ ಸದಸ್ಯ ಸರ್ಕಾರಗಳು ಇದೇ ಮೌಲ್ಯದ ಹೆಸರಿನಲ್ಲಿ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ ಬೆನ್ನಿಗೆ ನಿಂತವು. ಸ್ಕೇಟಿಂಗ್ ತೀರ್ಪು ಬಂದ ದಿನವೇ ನ್ಯಾಯಾಲಯ, ಪೂರ್ವಾನುಮತಿ ಕೊಡಲು ಪಾರದರ್ಶಕ ಮಾನದಂಡಗಳೇ ಇಲ್ಲದ ಫಿಫಾ, ಯುಇಎಫ್‌ಎ ನಿಯಮಗಳು ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದಿತು. ಸರ್ಕಾರಗಳು ಮೌಲ್ಯ ಹಿಡಿದು ಫೆಡರೇಷನ್ ಕಾಯುತ್ತಿದ್ದರೆ, ನ್ಯಾಯಾಲಯ ಮಾರುಕಟ್ಟೆಯ ಕಾನೂನು ಹಿಡಿದು ಅದನ್ನು ಬಗ್ಗಿಸಿತು.

ಅಮೆರಿಕದ ದಾರಿ ಬೇರೆ. 2020ರ ರಾಡ್ಚೆಂಕೊವ್ ಕಾಯ್ದೆಯ ಪ್ರಕಾರ, ಅಮೆರಿಕದ ಆಟಗಾರರು ಭಾಗವಹಿಸುವ, ಅಲ್ಲಿನ ವ್ಯವಹಾರದ ನಂಟಿರುವ ಅಂತರರಾಷ್ಟ್ರೀಯ ಕೂಟದಲ್ಲಿ ಮದ್ದಿನ ಜಾಲ ನಡೆಸಿದವರನ್ನು, ಅಪರಾಧ ಎಲ್ಲೇ ನಡೆದಿದ್ದರೂ, ಹತ್ತು ವರ್ಷದ ತನಕ ಜೈಲಿಗೆ ಹಾಕಬಹುದು. ವಾಡಾ ಮೇಲೆ ಅಸಮಾಧಾನವಾದಾಗ 2024ರ ವಂತಿಗೆ, ಸುಮಾರು 36 ಲಕ್ಷ ಡಾಲರ್, ತಡೆಹಿಡಿದರು. ಮಾರುಕಟ್ಟೆ ಇಲ್ಲದೆ ಮೌಲ್ಯವೊಂದನ್ನೇ ಹಿಡಿದು ನಿಂತವರೂ ಇದ್ದಾರೆ, ನಮಗೆ ಹೆಚ್ಚು ಗೌರವ ಅವರ ಮೇಲೆ. ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ನ್ಯೂಜಿಲೆಂಡ್ ರಗ್ಬಿ ತಂಡ ಹೋಯಿತೆಂದು 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಇಪ್ಪತ್ತಕ್ಕೂ ಹೆಚ್ಚು ದೇಶಗಳು ಹೊರಗುಳಿದವು, ಬಹುಪಾಲು ಆಫ್ರಿಕಾದವು. ಅದಕ್ಕೂ ಮೊದಲು, 1974ರಲ್ಲಿ, ಭಾರತ ಡೇವಿಸ್ ಕಪ್ ಫೈನಲ್ ತಲುಪಿಯೂ ದಕ್ಷಿಣ ಆಫ್ರಿಕಾ ಎದುರು ಆಡದೆ ಕಪ್ ಬಿಟ್ಟುಕೊಟ್ಟಿತು.

ಇಂದಿನ ಭಾರತಕ್ಕೆ ಮಾರುಕಟ್ಟೆ ಇದೆ, ಆದರೆ ಕ್ರಿಕೆಟ್ಟಿನಲ್ಲಿ ಮಾತ್ರ. 2024ರಿಂದ 2027ರ ಅವಧಿಯ ಐಸಿಸಿ ಆದಾಯದ ಹಂಚಿಕೆಯಲ್ಲಿ ಭಾರತಕ್ಕೆ ಸುಮಾರು ಶೇ. 38.5 ಎಂದು ವರದಿಯಾಗಿದೆ. 2025ರ ಚಾಂಪಿಯನ್ಸ್ ಟ್ರೋಫಿ ಪಾಕಿಸ್ತಾನದಲ್ಲಿದ್ದರೂ ನಮ್ಮ ಪಂದ್ಯಗಳೆಲ್ಲ ದುಬೈನಲ್ಲಿ ನಡೆದವು. ನಮ್ಮ ಜಿಲ್ಲೆಯ ಜಾವಗಲ್ ಹೆಸರು ಹೊತ್ತ ಶ್ರೀನಾಥ್ ಮ್ಯಾಚ್ ರೆಫರಿಯಾಗಿರುವ, ಕಡೂರಿನ ವೇದಾ ಕೃಷ್ಣಮೂರ್ತಿ ಆಡಿ ಬಂದ ಆ ಲೋಕದಲ್ಲಿ ನಾವು ಗಿರಾಕಿಯೂ ಹೌದು, ಯಜಮಾನರೂ ಹೌದು. ಲೋಸಾನ್‌ನಲ್ಲಿ ಆ ತೂಕ ನಡೆಯದು. 2019ರ ಫೆಬ್ರವರಿಯಲ್ಲಿ ದೆಹಲಿಯ ಶೂಟಿಂಗ್ ವಿಶ್ವಕಪ್‌ಗೆ ಪಾಕಿಸ್ತಾನದ ಶೂಟರ್‌ಗಳಿಗೆ ವೀಸಾ ಸಿಗದೆ ಹೋದಾಗ, ಲೋಸಾನ್‌ನಲ್ಲೇ ಇರುವ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಭಾರತಕ್ಕೆ ಕೂಟಗಳನ್ನು ಕೊಡುವ ಮಾತುಕತೆಯನ್ನೇ ನಿಲ್ಲಿಸಿತು. ಸರ್ಕಾರ ಲಿಖಿತ ಭರವಸೆ ಕೊಟ್ಟ ಮೇಲೆ, ಜೂನ್‌ನಲ್ಲಿ, ಬಿಗಿ ಸಡಿಲಿಸಿತು. 2036ರ ಒಲಿಂಪಿಕ್ಸ್ ಬೇಕೆಂದು 2024ರ ಅಕ್ಟೋಬರ್‌ನಲ್ಲಿ ಪತ್ರ ಕೊಟ್ಟ ದೇಶ ನಮ್ಮದು. ಆತಿಥ್ಯ ಕೇಳುವಾಗಲೇ ಆಟಗಾರರ ಮೇಲ್ಮನವಿಯ ಹಕ್ಕನ್ನೂ ಮಾತುಕತೆಯ ಮೇಜಿಗೆ ತರಬೇಕು. ಕೊಳ್ಳುವವರ ಬಲ ಆಟಗಾರ್ತಿಯ ಕೈಗೆ ದಾಟದಿದ್ದರೆ ಆ ಬಲ ಇದ್ದೇನು ಬಂತು?

ನಮ್ಮಲ್ಲಿ ಬ್ರಸೆಲ್ಸ್‌ನಂಥ ಬಾಗಿಲು ಇಲ್ಲವೇ ಇಲ್ಲ ಅನ್ನುವಂತಿಲ್ಲ. ಭಾರತದ ಸ್ಪರ್ಧಾ ಆಯೋಗ 2013ರಲ್ಲಿ ಬಿಸಿಸಿಐಗೆ 52.24 ಕೋಟಿ ರೂಪಾಯಿ ದಂಡ ಹಾಕಿತು, ಮೇಲ್ಮನವಿಯಲ್ಲಿ ಅದು ಬಿದ್ದ ಮೇಲೆ 2017ರಲ್ಲಿ ಅಷ್ಟೇ ಮೊತ್ತವನ್ನು ಮತ್ತೆ ಹಾಕಿತು. ಇನ್ನು 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯಲ್ಲಿ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಗೆ ಜಾಗ ಕೊಟ್ಟಿದ್ದಾರೆ: ಆಯ್ಕೆ, ಚುನಾವಣೆ ಇಂಥ ದೇಶದೊಳಗಿನ ವ್ಯಾಜ್ಯಕ್ಕೆ ಅದು, ಮೇಲ್ಮನವಿ 30 ದಿನದೊಳಗೆ ಸುಪ್ರೀಂ ಕೋರ್ಟಿಗೆ. ಅಂತರರಾಷ್ಟ್ರೀಯ ಫೆಡರೇಷನ್ನಿನ ನಿಯಮ ಕಾಸ್‌ಗೇ ಹೋಗಬೇಕು ಅಂದ ಕಡೆ ಅದಕ್ಕೆ ಅಧಿಕಾರವಿಲ್ಲ. ಹಾಗಾಗಿ ಮೊದಲು ತಿಳಿಯಬೇಕಾದ್ದು ನಿಮ್ಮ ತಕರಾರು ಯಾವ ಬಾಗಿಲಿನದು ಎಂಬುದು. ತಪ್ಪು ಬಾಗಿಲು ತಟ್ಟುತ್ತಾ ನಿಂತರೆ ಸರಿಯಾದ ಬಾಗಿಲಿನ 21 ದಿನ ಕಳೆದುಹೋಗುತ್ತದೆ.

ಮನೆಯಲ್ಲಿ ಒಂದು ಕಡತ ಇರಲಿ. ಸಹಿ ಹಾಕಿದ ಪ್ರತಿಯೊಂದು ಕಾಗದದ ನಕಲು, ಫೆಡರೇಷನ್ನಿನ ನಿಯಮಾವಳಿಯಲ್ಲಿ ಮೇಲ್ಮನವಿಯ ಪುಟದ ಪ್ರಿಂಟ್, ಮದ್ದು ಪರೀಕ್ಷೆಯ ಅರ್ಜಿಯ ನಿಮ್ಮ ಪ್ರತಿ, ಅದರಲ್ಲಿ ಬರೆದ, ನಿಮ್ಮ ಮಾದರಿ ತುಂಬಿದ ಎ ಮತ್ತು ಬಿ ಬಾಟಲಿಯ ಸಂಖ್ಯೆ, ಜ್ವರಕ್ಕೆ ತಗೊಂಡ ಮಾತ್ರೆಯ ಚೀಟಿ, ಪ್ರೋಟೀನ್ ಪುಡಿ ಕೊಂಡ ಬಿಲ್ಲು, ಡಬ್ಬಿಯ ಬ್ಯಾಚ್ ಸಂಖ್ಯೆ. ಮುಗಿದ ಡಬ್ಬಿಯ ತಳದಲ್ಲಿ ಎರಡು ಚಮಚ ಪುಡಿ ಉಳಿಸಿ ಮುಚ್ಚಿಡಿ. ನೋಟಿಸ್ ಬಂದ ದಿನ ಮೊದಲು ಮಾಡಬೇಕಾದ್ದು ಇಷ್ಟು: ಇಮೇಲ್ ಆದರೆ ತಾರೀಖು, ಗಂಟೆ ಕಾಣುವಂತೆ ಪ್ರಿಂಟ್ ತೆಗೆಯುವುದು, ಅಂಚೆಯಾದರೆ ಲಕೋಟೆಯನ್ನು ಮುದ್ರೆ ಸಮೇತ ಕಡತಕ್ಕೆ ಹಾಕುವುದು.